ಒಂದು ಮಣ್ಣೆತ್ತಿನಿಂದ ಶುರುವಾದ ಸಂಗ್ರಹ

ಸಣ್ಣ ಸಣ್ಣ ಗೊಂಬೆ ಕೂಡಿಸುವ ಹವ್ಯಾಸ ನಿಮಗೆ ಹೊಸದಾಗಿ ಹತ್ತಿಕೊಂಡಿದೆಯೇ? ಹಾಗಾದರೆ ಮೊದಲ ವರ್ಷದ ಪಾಡೇನೆಂದು ನಾನು ಹೇಳಬೇಕಾಗಿಲ್ಲ. ಜಾತ್ರೆಯಿಂದ ತಂದ ಮಣ್ಣಿನ ಕುದುರೆಯ ಕಿವಿ ಬಸ್ಸಿನಲ್ಲೇ ಮುರಿದಿರುತ್ತದೆ. ರಾತ್ರಿ ದೀಪದ ಬೆಳಕಿನಲ್ಲಿ ಕಟ್ಟಿಗೆಯದೆಂದು ಕೊಂಡ ಗಿಳಿಯನ್ನು ಮರುದಿನ ಬಿಸಿಲಿಗೆ ಹಿಡಿದು ನೋಡಿದರೆ ಪ್ಲಾಸ್ಟಿಕ್ಕು! ಇದ್ದ ಮೂರು ಗೊಂಬೆಗಳನ್ನು ಸಾಲಾಗಿ ಇಟ್ಟು ದೂರ ಸರಿದು ನೋಡಿದರೆ, ಕಪಾಟು ತುಂಬಿದಂತೆ ಕಾಣುವ ಬದಲು ಇನ್ನಷ್ಟು ಬರಿದಾದಂತೆ ಕಾಣುತ್ತದೆ. ಅಷ್ಟರಲ್ಲಿ ಯಜಮಾನರು ಬಂದು, "ಇದಕ್ಕೆಷ್ಟು ಕೊಟ್ಟಿ?" ಎಂದು ಒಂದೇ ಪ್ರಶ್ನೆ ಕೇಳಿ ಪೇಪರಿನ ಹಿಂದೆ ಮರೆಯಾಗುತ್ತಾರೆ.

ಎಷ್ಟೋ ಜನ ಇಲ್ಲಿಗೇ ಕೈ ಬಿಡುತ್ತಾರೆ. ನಾನೂ ಒಮ್ಮೆ ಬಿಟ್ಟಿದ್ದೆ. ಏಕೆ ಬಿಟ್ಟೆ, ಮತ್ತೆ ಹೇಗೆ ಹಿಡಿದೆ ಎಂದು ಹೇಳಿದರೆ ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಈ ಬರಹ.

ನನ್ನ ತವರು ಮಮದಾಪುರ. ಈಗ ಬಬಲೇಶ್ವರ ತಾಲ್ಲೂಕಿಗೆ ಸೇರಿದ ಊರು. ವಿಜಯಪುರದ ಗೋಲಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್ ಶಾಹನೇ (ಅವನು ಆಳಿದ್ದು 1627ರಿಂದ 1656ರವರೆಗೆ) ನಮ್ಮೂರ ದೊಡ್ಡ ಕೆರೆಯನ್ನೂ ಕಟ್ಟಿಸಿದನು. ಗುಮ್ಮಟ ನೋಡಲು ದೇಶ ದೇಶದ ಜನ ಬರುತ್ತಾರೆ. ಕೆರೆ ನೋಡಲು ಬರುವವರು ಕಡಿಮೆ. ಆದರೆ ನನ್ನ ಗೊಂಬೆಗಳ ಕಥೆ ಶುರುವಾಗುವುದು ಆ ಕೆರೆಯ ಮಣ್ಣಿನಿಂದಲೇ.

ನಮ್ಮ ಕಡೆ ಮೈಸೂರಿನವರ ಹಾಗೆ ನವರಾತ್ರಿಗೆ ಗೊಂಬೆ ಕೂಡಿಸುವ ಪದ್ಧತಿ ಅಷ್ಟಾಗಿ ಇಲ್ಲ. ನಮ್ಮ ದಸರೆ ಎಂದರೆ ಬನ್ನಿ ಕೊಟ್ಟು ಬನ್ನಿ ತೆಗೆದುಕೊಳ್ಳುವುದು. ಹಾಗೆಂದು ನಮ್ಮಲ್ಲಿ ಗೊಂಬೆಗಳೇ ಇಲ್ಲವೆಂದುಕೊಳ್ಳಬೇಡಿ. ಕಾರಹುಣ್ಣಿವೆಗೆ ನಿಜವಾದ ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಓಡಿಸಿದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ಮನೆ ಮನೆಯಲ್ಲಿ ಮಣ್ಣಿನ ಜೋಡೆತ್ತು, ಅವುಗಳ ಮುಂದೊಂದು ಮಣ್ಣಿನ ಗ್ವಾದಲಿ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ, ಕುಸುಬಿ ಕಾಳು, ಗುಲಗಂಜಿ ಚುಚ್ಚಿಸಿಕೊಂಡು ಮದುಮಗಳ ಹಾಗೆ ಕೂತಿರುತ್ತಾಳೆ. ಶ್ರಾವಣದ ಪಂಚಮಿಗೆ ನಾಗಪ್ಪ. ಭಾದ್ರಪದದ ಚೌತಿಗೆ ಗಣಪ್ಪ. ಅವನ ಬೆನ್ನ ಹಿಂದೆಯೇ ಬೇವಿನ ಸೊಪ್ಪಿನ ನಡುವೆ, ತುಟಿಗೆ ಬೆಣ್ಣೆ ಮೆತ್ತಿಸಿಕೊಂಡು, ಬುಟ್ಟಿಯಲ್ಲಿ ಕೂತು ಮನೆ ಮನೆ ತಿರುಗುವ ಜೋಕುಮಾರ. ಲೆಕ್ಕ ಹಾಕಿ ನೋಡಿ, ಮೂರು ತಿಂಗಳಲ್ಲಿ ಐದು ಬಗೆಯ ಮಣ್ಣಿನ ಮೂರ್ತಿ!

ಆದರೆ ಇವುಗಳಲ್ಲಿ ಒಂದನ್ನೂ ಸುಡುವುದಿಲ್ಲ, ಒಂದನ್ನೂ ಇಟ್ಟುಕೊಳ್ಳುವುದಿಲ್ಲ. ಪೂಜೆ ಮುಗಿದ ಮೇಲೆ ಬಾವಿಗೋ ಕೆರೆಗೋ ಹೊಲಕ್ಕೋ ಹೋಗಲೇಬೇಕು. ಗೊಂಬೆ ಕೂಡಿಸುವವಳಿಗೆ ಇದಕ್ಕಿಂತ ದೊಡ್ಡ ಸಂಕಟ ಉಂಟೇ?

ನಮ್ಮವ್ವ ಕಡೆಯ ಸಲ ಮಣ್ಣೆತ್ತು ಮಾಡಿದ್ದು ಆಕೆ ತೀರಿಕೊಂಡ ವರ್ಷ. ಆ ಸಲ ಮನೆಯಲ್ಲಿ ಏನೇನೋ ಗಡಿಬಿಡಿ ಎದ್ದು, ಪೂಜೆಯಾದ ಎತ್ತುಗಳನ್ನು ಕೆರೆಗೆ ಬಿಡುವುದು ಮರೆತುಹೋಗಿತ್ತು. ದೀಪಾವಳಿಯ ಹೊತ್ತಿಗೆ ಅವ್ವ ಇರಲಿಲ್ಲ. ದಿನಕರ್ಮ ಮುಗಿಸಿ ಹೊರಡುವಾಗ ಗೋಡೆಯ ಮಾಡದೊಳಗೆ, ಚಿಮಣಿ ದೀಪದ ಹಿಂದೆ, ಆ ಜೋಡೆತ್ತು ನನ್ನ ಕಣ್ಣಿಗೆ ಬಿದ್ದವು. ಅಂಗೈಯಷ್ಟು ದೊಡ್ಡವು. ಅವ್ವ ಎತ್ತಿನ ಹಿಣಿಲು ಮಾಡುವಾಗ ಹೆಬ್ಬೆರಳಿನಿಂದ ಒತ್ತಿ ಮೇಲಕ್ಕೆ ಎಳೆಯುತ್ತಿದ್ದಳು. ಎರಡಕ್ಕೂ ಹಿಣಿಲಿನ ಮೇಲೆ ಆ ಬೆರಳಿನ ಗೆರೆ ಗೆರೆ ಹಾಗೇ ಇತ್ತು.

ಸೆರಗಿನಲ್ಲಿ ಕಟ್ಟಿಕೊಂಡೆ. ನಮ್ಮ ವೈನಿ ತಡೆದರು.

"ಬ್ಯಾಡ ತಂಗಿ, ಮಣ್ಣಿನ ಎತ್ತು ಮಣ್ಣಿಗೇ ಹೋಗಬೇಕು. ಮನ್ಯಾಗ ಇಟ್ಕೊಂಡ್ರ ಚಲೋ ಅಲ್ಲ."

"ನಾ ದೇವರಂತ ಇಡಂಗಿಲ್ರಿ ವೈನಿ. ಅವ್ವನ ಕೈ ಅಂತ ಇಡ್ತೀನಿ."

ಅವರು ಮತ್ತೇನೂ ಅನ್ನಲಿಲ್ಲ. ವಿಜಯಪುರದವರೆಗೂ ತೊಡೆಯ ಮೇಲಿಟ್ಟುಕೊಂಡು ಬಂದೆ.

ನನ್ನ ಸಂಗ್ರಹ ಶುರುವಾದದ್ದು ಹೀಗೆ. ಮರುವರ್ಷ ಸಂಕ್ರಾಂತಿಗೆ ನಮ್ಮ ಸಿದ್ಧೇಶ್ವರ ಜಾತ್ರೆಯಲ್ಲಿ ಒಂದು ಕಟ್ಟಿಗೆಯ ಆನೆ ಕೊಂಡೆ. ಆಮೇಲೊಂದು ಚನ್ನಪಟ್ಟಣದ ಕತ್ತು ಅಲ್ಲಾಡಿಸುವ ಗೊಂಬೆ. ನಮ್ಮ ಅತ್ತೆಯವರು ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಕೇಳಿಯೇಬಿಟ್ಟರು: "ಮನಿ ತುಂಬ ಗೊಂಬಿ ಇಟ್ರ ದೇವರನ್ನ ಎಲ್ಲಿಡೂದವಾ?" ಅಕ್ಕಪಕ್ಕದವರದು ಇನ್ನೊಂದು ಬಗೆ. "ಮೊಮ್ಮಕ್ಕಳು ಬರೂ ಹೊತ್ತಿಗೆ ಆಟಿಗಿ ರೆಡಿ ಮಾಡ್ಕೊಂಡ್ರಲ್ಲ ಬಿಡ್ರಿ" ಎಂದು ನಕ್ಕರು. ನಾನೂ ನಕ್ಕೆ. ನಗುವುದನ್ನು ಬಿಟ್ಟು ಮತ್ತೇನು ಮಾಡಲಿ?

ನಗಲಾಗದ್ದು ಆ ಮಳೆಗಾಲದಲ್ಲಿ ಆಯಿತು. ಮನೆಯ ಮೂಲೆಯಲ್ಲಿ ಸಣ್ಣದೊಂದು ಸೋರಿಕೆ. ಹಗಲು ಕಾಣುತ್ತಿರಲಿಲ್ಲ, ರಾತ್ರಿ ಗೋಡೆಯ ಗುಂಟ ಇಳಿಯುತ್ತಿತ್ತು. ಒಂದು ಮುಂಜಾನೆ ಕಪಾಟು ತೆಗೆದರೆ ಅವ್ವನ ಎತ್ತುಗಳಲ್ಲಿ ಒಂದು, ಎತ್ತಾಗಿ ಉಳಿದಿರಲಿಲ್ಲ. ಕಪ್ಪು ಕೆಸರಿನ ಮುದ್ದೆ. ಬೆರಳಿನ ಗುರುತೂ ಹೋಗಿತ್ತು. ಸುಡದ ಮಣ್ಣಿಗೆ ನೀರು ತಾಗಿದರೆ ಆಗುವುದೇ ಅಷ್ಟು, ತಿಳಿಯದ್ದೇನಲ್ಲ. ಆದರೂ ಅಂದು ಅಡಿಗೆ ಮಾಡಲಿಲ್ಲ. ಉಳಿದವನ್ನೆಲ್ಲ ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿ, ಇನ್ನು ಈ ಹುಚ್ಚು ಸಾಕು ಎಂದುಕೊಂಡೆ.

ನೀವು ಕೂಡಿಸುವುದು ಯಾವುದೇ ಗೊಂಬೆಯಾಗಲಿ, ಇಂಥದೊಂದು ದಿನ ನಿಮಗೂ ಬರುತ್ತದೆ. ಒಡೆಯುತ್ತದೆ, ಕಳೆಯುತ್ತದೆ, ಇಲ್ಲವೆ ಬಂದ ಮಗುವಿಗೆ "ಪಾಪ, ತಗೋ" ಎಂದು ಮನೆಯವರೇ ಕೊಟ್ಟುಬಿಡುತ್ತಾರೆ. (ಈ ಕಡೆಯದಕ್ಕೆ ಮಾತ್ರ ಒಂದು ಉಪಾಯ ಹೇಳಬಲ್ಲೆ. ಎರಡು ಅಗ್ಗದ ಗೊಂಬೆಗಳನ್ನು ಕೈಗೆಟಕುವ ಕೆಳಗಿನ ಅರೆಯಲ್ಲಿ ಮಕ್ಕಳಿಗೆಂದೇ ಇಡಿ. ಮೇಲಿನ ಅರೆ ಉಳಿಯುತ್ತದೆ, ನಂಟಸ್ತಿಕೆಯೂ ಉಳಿಯುತ್ತದೆ.)

ಮರುವರ್ಷದ ಮಣ್ಣೆತ್ತಿನ ಅಮಾವಾಸ್ಯೆಗೆ ವೈನಿ ತಾವಾಗಿ ಕರೆ ಕಳಿಸಿದರು. ಹೋದೆ. ಅಂಗಳದಲ್ಲಿ ಕೂತು ನಾನೇ ಎತ್ತು ಮಾಡಲು ಹೊರಟೆ. ಅವ್ವ ಮಾಡುತ್ತಿದ್ದುದನ್ನು ಇಷ್ಟು ವರ್ಷ ನೋಡಿದ್ದೆನಲ್ಲ, ಬಾರದೇ ಇರುತ್ತದೆಯೇ? ಹೊಲದ ಎರಿ ಮಣ್ಣು ತಂದು ಕಲಸಿ, ಸೊಗಸಾದ ಜೋಡಿ ಮಾಡಿ ಬಿಸಿಲಿಗಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆಯಿಂದ ಬಾಲದವರೆಗೂ ಬಿರುಕು! ಸಂಜೆಗೆ ಒಂದು ಕಾಲು ಕಳಚಿ ಬಿತ್ತು.

ವೈನಿ ಬಿದ್ದು ಬಿದ್ದು ನಕ್ಕರು. "ಎರಿ ಹೊಲ ಬ್ಯಾಸಿಗ್ಯಾಗ ಹ್ಯಾಂಗ ಬಿರೀತೈತಿ ನೋಡಿಲ್ಲೇನು ನೀ? ಕಾಲಿಟ್ರ ಕಾಲ ಒಳಗ ಹೋಗ್ತೈತಿ. ಅದನ್ನ ಬರೇ ನೀರಾಗ ಕಲಸಿ ಬಿಸಲಿಗಿಟ್ರ ಎತ್ತ ಉಳೀತೈತೇನು?"

ಅವರ ಮಾತು ನಿಜ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಅಷ್ಟೇ ಜೋರಾಗಿ ಕುಗ್ಗುತ್ತದೆ. ಹೊರಮೈ ಬೇಗ ಒಣಗಿ ಕುಗ್ಗಿ, ಒಳಗಿನ್ನೂ ಹಸಿಯಾಗಿದ್ದರೆ ಬಿರಿಯದೆ ಗತಿಯಿಲ್ಲ. ಆ ದಿನ ವೈನಿ ಕಲಿಸಿದ್ದನ್ನು ಅಡಿಗೆಯ ಪಾಠದಂತೆಯೇ ಬರೆದುಕೊಂಡಿದ್ದೇನೆ, ನಿಮಗೂ ಕೊಡುತ್ತೇನೆ. ಕೆರೆಯ ಮಣ್ಣನ್ನು ಒಣಗಿಸಿ ಕುಟ್ಟಿ ಜರಡಿ ಹಿಡಿಯಿರಿ. ರಾತ್ರಿಯೆಲ್ಲ ನೆನೆಸಿ. ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಉಸುಕು ಹಾಕಿ. ಒಂದು ಹಿಡಿ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಸೇರಿಸಿ. ಈ ಎಳೆಗಳೇ ಒಣಗುವಾಗ ಮಣ್ಣನ್ನು ಹಿಡಿದುಕೊಳ್ಳುತ್ತವೆ. ರೊಟ್ಟಿಯ ಹಿಟ್ಟಿನ ಹದಕ್ಕೆ ಚೆನ್ನಾಗಿ ನಾದಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಒಂದು ತಾಸು ಬಿಡಿ. ಕಾಲುಗಳನ್ನು ಬೇರೆ ಮಾಡಿ ಅಂಟಿಸಬೇಡಿ, ಒಂದೇ ಮುದ್ದೆಯಿಂದ ಎಳೆದು ತೆಗೆಯಿರಿ. ಕಾಲು ದಪ್ಪವಿದ್ದಷ್ಟೂ ಒಳ್ಳೆಯದು. ಮಣ್ಣಿನ ಎತ್ತು ಓಡಬೇಕಾಗಿಲ್ಲ, ನಿಂತರೆ ಸಾಕು. ಮುಖ್ಯವಾದ ಮಾತೆಂದರೆ ಬಿಸಿಲಿಗೆ ಇಡಬಾರದು. ನೆರಳಿನಲ್ಲಿ, ಮೇಲೊಂದು ತೆಳು ಬಟ್ಟೆ ಹೊದಿಸಿ, ದಿನಕ್ಕೊಮ್ಮೆ ಹೊರಳಿಸುತ್ತ ನಾಲ್ಕೈದು ದಿನ ಒಣಗಿಸಿ.

ಕಾಲು ಮುರಿದ ಎತ್ತನ್ನು ಎಸೆಯಲು ಹೊರಟಾಗ ವೈನಿಯೇ ಕೈ ಹಿಡಿದು ನಿಲ್ಲಿಸಿದರು. "ಅದನ್ಯಾಕ ಒಗೀತಿ? ನಾಳಿ ಹುಡುಗೂರಿಗೆ ಬೇಕಲ್ಲ!"

ನಾನು ಮರೆತೇಬಿಟ್ಟಿದ್ದೆ. ಅಮಾವಾಸ್ಯೆಯ ಮರುದಿನ ನಮ್ಮ ಕಡೆಯ ಹುಡುಗರು ಒಂದು ಕುಂಟೆತ್ತನ್ನು ಹಲಗೆಯ ಮೇಲಿಟ್ಟುಕೊಂಡು ಮನೆ ಮನೆಗೆ ಜೋಳ ಕೇಳಲು ಹೋಗುತ್ತಾರೆ. ನಾಲ್ಕು ಕಾಲು ನೆಟ್ಟಗಿರುವ ಎತ್ತನ್ನು ತಂದರೆ ಯಾರೂ ಜೋಳ ಕೊಡುವುದಿಲ್ಲ! ಎತ್ತು ಕುಂಟಾಗಿರದಿದ್ದರೆ ಬೇಕೆಂದೇ ಒಂದು ಕಾಲು ಮುರಿಯುತ್ತಾರೆ. ಮರುದಿನ ನಾನು ಮಾಡಿದ ಎತ್ತು ಇಡೀ ಓಣಿ ತಿರುಗಿ ಬಂತು. ವಿಜಯಪುರಕ್ಕೆ ಹಿಂದಿರುಗಿದವಳೇ ಟ್ರಂಕು ತೆಗೆದು, ಅವ್ವನ ಉಳಿದ ಒಂಟಿ ಎತ್ತನ್ನು ಮತ್ತೆ ಹೊರಗಿಟ್ಟೆ. ಈ ಸಲ ಒಳಗೋಡೆಯ ಕಪಾಟಿನಲ್ಲಿ, ಗಾಜಿನ ಹಿಂದೆ. ಕಿವಿ ಹೋದ ಕುದುರೆಯನ್ನೂ ಪಕ್ಕಕ್ಕೆ ನಿಲ್ಲಿಸಿದೆ.

ಹೊಸಬರನ್ನು ಹೆಚ್ಚಾಗಿ ಕುಗ್ಗಿಸುವುದು ಒಡೆಯುವುದಕ್ಕಿಂತ ಇನ್ನೊಬ್ಬರ ಕಪಾಟು. ಮೊದಲಾದರೆ ನಂಟರ ಮನೆಗೆ ಹೋದಾಗ ಮಾತ್ರ ನೋಡುತ್ತಿದ್ದೆವು. ಈಗ ಮೊಬೈಲು ತೆಗೆದರೆ ಸಾಕು, ಮೈಸೂರಿನ ಮೆಟ್ಟಿಲು ಮೆಟ್ಟಿಲು ಗೊಂಬೆ, ಮೇಲೆ ಪಟ್ಟದ ರಾಜ ರಾಣಿ, ಕೆಳಗೆ ದರ್ಬಾರು, ಮದುವೆ ದಿಬ್ಬಣ, ಸಂತೆ. ನೋಡಲು ಸಂತೋಷವೇ. ಆದರೆ ಅದು ಅಜ್ಜಿ, ಅತ್ತೆ, ಸೊಸೆ ಹೀಗೆ ಮೂರು ನಾಲ್ಕು ತಲೆಮಾರು ವರ್ಷಕ್ಕೊಂದರಂತೆ ಸೇರಿಸಿದ್ದೆಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಪಟ್ಟದ ಗೊಂಬೆಯ ಜೋಡಿಯಂತೂ ಎಷ್ಟೋ ಮನೆಗಳಲ್ಲಿ ತವರಿನವರು ಮದುವೆಯಲ್ಲಿ ಮಗಳಿಗೆ ಕೊಟ್ಟದ್ದು. ನಿಮ್ಮ ಆರು ತಿಂಗಳಿಗೂ ಅವರ ಅರವತ್ತು ವರ್ಷಕ್ಕೂ ಎಲ್ಲಿಯ ಹೋಲಿಕೆ?

ದೆಹಲಿಯಲ್ಲಿ ಒಂದು ದೊಡ್ಡ ಗೊಂಬೆಗಳ ವಸ್ತುಸಂಗ್ರಹಾಲಯವಿದೆ. ಪ್ರಸಿದ್ಧ ವ್ಯಂಗ್ಯಚಿತ್ರಕಾರ ಶಂಕರ್ (ಕೆ. ಶಂಕರ ಪಿಳ್ಳೈ) ಕಟ್ಟಿದ್ದು. ಅದು ಹುಟ್ಟಿದ್ದು ಹೇಗೆ ಗೊತ್ತೇ? ಶಂಕರ್ ಮಕ್ಕಳಿಗಾಗಿ ನಡೆಸುತ್ತಿದ್ದ ಸ್ಪರ್ಧೆಗೆ ಬಹುಮಾನವಾಗಿ ಕೊಡಲೆಂದು ಹಂಗೆರಿಯ ರಾಯಭಾರಿ ಒಂದು ಗೊಂಬೆ ಕೊಟ್ಟರು. ಒಂದೇ ಒಂದು. ಅದು ಶಂಕರರ ಮನಸ್ಸಿಗೆ ಹಿಡಿದು, ಕೂಡಿಸುವ ಚಟ ಶುರುವಾಯಿತು. ನೆಹರೂ ಅವರಂಥವರೂ ಕೈ ಜೋಡಿಸಿದರು. 1965ರಲ್ಲಿ ಸಂಗ್ರಹಾಲಯ ಬಾಗಿಲು ತೆರೆದಾಗ ಸುಮಾರು 1,000 ಗೊಂಬೆಗಳಿದ್ದವು, ಆಮೇಲೆ 6,000ವನ್ನೂ ಮೀರಿದವು. ನಮಗೆ ಪ್ರಧಾನಮಂತ್ರಿಗಳು ಗೊಂಬೆ ತಂದುಕೊಡುವುದಿಲ್ಲ, ನಿಜ. ಆದರೆ ಅವರೂ ಒಂದರಿಂದಲೇ ಶುರುಮಾಡಿದ್ದಲ್ಲವೇ?

ಹಣದ ಮಾತಿಗೆ ಬರೋಣ. ಸಂಸಾರಸ್ಥೆಗೆ ಗೊಂಬೆ ಕೊಂಡ ರಾತ್ರಿ ನಿದ್ದೆ ಬಾರದಿರುವುದು ಸಹಜ. ಮಗನ ಫೀಸು ನೆನಪಾಗುತ್ತದೆ, ಗ್ಯಾಸಿನ ಸಿಲಿಂಡರು ನೆನಪಾಗುತ್ತದೆ. ನಾನು ಕಂಡುಕೊಂಡ ದಾರಿ ಇಷ್ಟೆ. ಅಡಿಗೆಮನೆಯ ಖರ್ಚಿನಿಂದ ಕದ್ದು ಕೊಳ್ಳುವುದಿಲ್ಲ. ಹಳೇ ಪೇಪರು, ಖಾಲಿ ಡಬ್ಬಿ ಮಾರಿದ ದುಡ್ಡಿಗೆ ಬೇರೆ ಒಂದು ಕುಡಿಕೆ ಇದೆ. ಅದರಲ್ಲಿ ಇದ್ದಷ್ಟಕ್ಕೇ ಗೊಂಬೆ. ಕುಡಿಕೆಯ ದುಡ್ಡಿನಿಂದ ಕೊಂಡದ್ದಕ್ಕೆ "ಎಷ್ಟು ಕೊಟ್ಟಿ?" ಎಂದು ಯಾರು ಕೇಳಿದರೂ ತಲೆ ಎತ್ತಿ ಹೇಳಬಹುದು. ಜಾತ್ರೆಯಲ್ಲಿ ಮೊದಲ ದಿನ ಸುಮ್ಮನೆ ನೋಡಿ ಬನ್ನಿ, ಕಡೆಯ ಸಂಜೆ ಕೊಳ್ಳಿ. ಉಳಿದದ್ದನ್ನು ಹೊತ್ತು ಒಯ್ಯುವ ಬದಲು ಅಂಗಡಿಯವರೇ ಬೆಲೆ ಇಳಿಸುತ್ತಾರೆ. ಆದರೆ ಮಾಡಿದವರೇ ಕೂತು ಮಾರುತ್ತಿದ್ದರೆ ಚೌಕಾಸಿ ಬೇಡ. ಮೊದಲು ಕುಂಬಾರರ ಮನೆಯವರು ಎತ್ತಿನ ಬುಟ್ಟಿ ಹೊತ್ತು ಬಂದರೆ ಅವ್ವ ಮೊರದ ತುಂಬ ಜೋಳ ಹಾಕುತ್ತಿದ್ದಳು, ಮೇಲೊಂದು ಬೊಗಸೆ ಹೆಚ್ಚಿಗೆ. ಅಳೆಯುತ್ತಿರಲಿಲ್ಲ.

ಇನ್ನು ಏನನ್ನು ಕೂಡಿಸಬೇಕು? ಎಲ್ಲವನ್ನೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ನಾಡಿನದನ್ನೇ ಹಿಡಿದರೂ ಒಂದು ಜನ್ಮಕ್ಕೆ ಸಾಲದು. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಹಗುರವಾದ ಕಟ್ಟಿಗೆಯ ಮೇಲೆ ಹುಣಸೆಬೀಜದ ಅಂಟು, ಮರದ ಹೊಟ್ಟು, ಗೋಣಿಯ ನಾರು ಸೇರಿಸಿ ಮೆತ್ತಿ, ಅದರ ಮೇಲೆ ಬಣ್ಣ ಕೊಡುತ್ತಾರೆ. ಅವರ ಗರುಡನ ಕಣ್ಣು ಒಮ್ಮೆ ನೋಡಿದರೆ ಮರೆಯುವಂತಿಲ್ಲ. ಚನ್ನಪಟ್ಟಣದವರು ಆಲೆ ಮರವನ್ನು ಚರಕಿಗೆ ಹಿಡಿದು, ತಿರುಗುವಾಗಲೇ ಅರಗಿನ ಬಣ್ಣ ಒತ್ತುತ್ತಾರೆ. ಆ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆದ್ದರಿಂದಲೇ ಅವನ್ನು ಒಲೆಯ ಹತ್ತಿರವಾಗಲಿ ಕಿಟಕಿಯ ಬಿಸಿಲಿಗಾಗಲಿ ಇಡಬಾರದು, ಬಿಸಿನೀರಿನಲ್ಲಂತೂ ತೊಳೆಯಲೇಬಾರದು. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಗೋಕಾಕದ ಜೀನಗಾರರ ಕಟ್ಟಿಗೆಯ ಹಣ್ಣು ತರಕಾರಿ ತಟ್ಟೆಯಲ್ಲಿಟ್ಟರೆ ಬಂದವರು ಕೈ ಹಾಕಿಯೇ ತೀರುತ್ತಾರೆ.

ಗೌರಿ ಹುಣ್ಣಿವೆಯ ಸಕ್ಕರೆ ಗೊಂಬೆಗಳನ್ನು ಮರೆಯುವುದುಂಟೇ? ಆನೆ, ಒಂಟೆ, ತೇರು, ಬಸವಣ್ಣ. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ತರುವ ಆರತಿ. ಇವನ್ನು ಕೂಡಿಸಲು ಹೋಗಿ ನಾನು ಇರುವೆಗಳ ಸಂಗ್ರಹಾಲಯವನ್ನೇ ಸ್ಥಾಪಿಸಿದ್ದೆ! ಆಮೇಲೆ ಬುದ್ಧಿ ಬಂತು. ಪಾಕ ಹೊಯ್ಯುವ ಕಟ್ಟಿಗೆಯ ಅಚ್ಚು ಇರುತ್ತದಲ್ಲ, ನೀರಲ್ಲಿ ನೆನೆಸಿ ಎರಡು ಹೋಳು ಜೋಡಿಸಿ ಕಟ್ಟುವುದು, ಅದನ್ನೇ ಕೂಡಿಸತೊಡಗಿದೆ. ಹಳೆಯ ಮನೆಗಳ ಅಟ್ಟದ ಮೇಲೆ ಎಷ್ಟೋ ಬಿದ್ದಿರುತ್ತವೆ. ಒಂದು ಅಚ್ಚಿದ್ದರೆ ವರ್ಷ ವರ್ಷವೂ ಹೊಸ ಆನೆ.

ಸುಡದ ಮಣ್ಣಿನವನ್ನು ಇಟ್ಟುಕೊಳ್ಳುವವರಿಗೆ ಎರಡೇ ಮಾತು. ಹೊರಗೋಡೆಗೆ ತಾಗಿದ ಕಪಾಟು ಬೇಡ. ನನ್ನ ಗತಿ ನೋಡಿದಿರಲ್ಲ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮೆತ್ತನೆಯ ಕುಂಚದಿಂದ ಧೂಳು ಕೊಡವಿ. ಕಟ್ಟಿಗೆಯವುಗಳ ನಡುವೆ ಒಣಗಿದ ಬೇವಿನ ಸೊಪ್ಪು ಇಡಿ, ಮಳೆಗಾಲ ಕಳೆದ ಮೇಲೆ ಎಲ್ಲವನ್ನೂ ಒಮ್ಮೆ ಇಳಿಸಿ ಗೆದ್ದಲಿನ ಗುರುತು ಇದೆಯೇ ನೋಡಿ. ಜೋಕುಮಾರನನ್ನು ಮಾತ್ರ ಕೇಳಲು ಹೋಗಬೇಡಿ. ಅವನು ಬುಟ್ಟಿಯಲ್ಲಿ ಬಂದು ಬುಟ್ಟಿಯಲ್ಲೇ ಹೋಗಬೇಕಾದವನು. ಒಮ್ಮೆ ಕೇಳಿ, ಬುಟ್ಟಿ ಹೊತ್ತ ಅವ್ವನಿಂದ ಚೆನ್ನಾಗಿ ಬೈಸಿಕೊಂಡಿದ್ದೇನೆ.

ಒಂದು ನೋಟುಬುಕ್ಕು ಅವಶ್ಯ. ಪ್ರತಿ ಗೊಂಬೆಗೂ ಅರ್ಧ ಪುಟ: ಎಲ್ಲಿಂದ ಬಂತು, ಯಾವ ದಿನ, ಮಾಡಿದವರು ಯಾರು, ಆ ದಿನ ಮಳೆಯಿತ್ತೋ ಬಿಸಿಲೋ, ಜೊತೆಗೆ ಯಾರಿದ್ದರು. ನನ್ನ ಕಪಾಟಿನಲ್ಲಿ ಈಗ ಇರುವುದು ನಲವತ್ತೊಂದು ಗೊಂಬೆ, ಪುಸ್ತಕದಲ್ಲಿ ಐವತ್ತೆಂಟು. ಕರಗಿ ಹೋದ ಎತ್ತಿನದು ಎರಡು ಪುಟವಿದೆ. ಬೇಸರವಾದ ದಿನ ನಾನು ಕಪಾಟಿಗಿಂತ ಪುಸ್ತಕವನ್ನೇ ಹೆಚ್ಚು ನೋಡುತ್ತೇನೆ.

ಹರಪ್ಪ, ಮೊಹೆಂಜೊದಾರೊಗಳಲ್ಲಿ ಅಗೆದಾಗಲೂ ಮಣ್ಣಿನ ಆಟಿಕೆಗಳು ರಾಶಿ ರಾಶಿ ಸಿಕ್ಕಿವೆ. ಎತ್ತು, ಪುಟ್ಟ ಬಂಡಿ, ದಾರ ಕಟ್ಟಿ ಎಳೆದರೆ ತಲೆಯಾಡಿಸುವ ಹೋರಿ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನವು. ಅವುಗಳಲ್ಲೂ ಎಷ್ಟೋ ಕುಂಟೆತ್ತುಗಳೇ. ಅವು ಉಳಿದದ್ದು ಬೆಂಕಿ ಕಂಡದ್ದರಿಂದ. ಸುಡದೆ ನೀರಿಗೆ ಬಿಟ್ಟವು ಆಗಲೂ ಇದ್ದಿರಬಹುದು, ಯಾರು ಬಲ್ಲರು?

ಈಗ ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ವೈನಿ ಮತ್ತು ನಾನು ಕೂಡಿಯೇ ಎತ್ತು ಮಾಡುತ್ತೇವೆ. ಪೂಜೆಯ ಜೋಡಿ ಕೆರೆಗೆ ಹೋಗುತ್ತದೆ. ಪೂಜೆಗೆ ಇಡದ ಒಂದು ಬೇರೆ ಎತ್ತು ಮಾಡಿ ನನ್ನ ಕೈಗೆ ಕೊಡುತ್ತಾರೆ. "ಇದು ಎತ್ತಲ್ಲ, ನಿನ್ನ ಗೊಂಬಿ" ಎಂದು ಒತ್ತಿ ಹೇಳಿಯೇ ಕೊಡುತ್ತಾರೆ, ದೇವರಿಗೆ ಲೆಕ್ಕ ಸರಿಯಾಗಿರಲಿ ಎಂದು!

ನಮ್ಮ ಅತ್ತೆಯವರ ವಿಷಯ ಹೇಳದೆ ಮುಗಿಸಿದರೆ ತಪ್ಪಾದೀತು. ಹೋದ ವರ್ಷ ಗೋಕಾಕದ ಕಡೆ ಒಂದು ಮದುವೆಗೆ ಹೋಗಿದ್ದರು. ಬಂದವರೇ ಕೈಚೀಲದಿಂದ ಕರವಸ್ತ್ರದ ಗಂಟು ತೆಗೆದು, ಯಾರ ಕಡೆಗೂ ನೋಡದೆ, ಕಪಾಟಿನ ಬಾಗಿಲು ತೆಗೆದು ಒಂದು ಕಟ್ಟಿಗೆಯ ಮಾವಿನಹಣ್ಣು ಇಟ್ಟರು. ಅದೂ ನನ್ನ ಸಾಲು ಸರಿಸಿ, ನಟ್ಟ ನಡುವೆ. "ಅಲ್ಲೆ ಅಗ್ಗ ಇತ್ತು" ಎಂದರು. ಮರುವಾರ ಬಂದ ನಾದಿನಿಯ ಕೂಸು ಯಾರಿಗೂ ಕಾಣದಂತೆ ಅದನ್ನೆತ್ತಿ ಕಚ್ಚಿಬಿಟ್ಟಿತು. ಹಣ್ಣಿನ ಮೇಲೆ ಎರಡು ಪುಟ್ಟ ಹಲ್ಲಿನ ಗುರುತು. ಬಣ್ಣ ಹಚ್ಚಿಸಿ ಸರಿ ಮಾಡಿಸೋಣವೇ ಎಂದು ಕೇಳಿದರೆ ಅತ್ತೆ ಒಪ್ಪಲಿಲ್ಲ. "ಇರಲಿ ಬಿಡು, ಪುಸ್ತಕದಾಗ ಬರಕೋ" ಎಂದರು.